ಯಂತ್ರ ಹಾಡಿದರೆ ಹೆಸರು ಯಾರದು?

ಪದ್ಯ ಕಟ್ಟುವ ಯಂತ್ರ, ಚಿತ್ರ ಬರೆಯುವ ಯಂತ್ರ, ಹಾಡುವ ಯಂತ್ರ—ಇವು ಈಗ ಅಜ್ಜಿಕಥೆಯ ಮಾತಲ್ಲ. ನಿಮ್ಮ ಮನೆಯ ಹುಡುಗನ ಕೈಯಲ್ಲಿರುವ ಮೊಬೈಲ್ ಫೋನಿನಲ್ಲಿಯೇ ಇವೆಲ್ಲ ಇವೆ. "ಮಳೆಗಾಲವನ್ನು ಕುರಿತು ಒಂದು ಭಾವಗೀತೆ ಬೇಕು" ಎಂದು ಅವನು ಅದಕ್ಕೆ ಹೇಳಿದರೆ, ನೀವು ಕಾಫಿಯ ಲೋಟವನ್ನು ಕೆಳಗಿಡುವುದರೊಳಗಾಗಿ ಹದಿನಾರು ಸಾಲುಗಳು ಸಿದ್ಧವಾಗಿರುತ್ತವೆ. "ಇದಕ್ಕೆ ರಾಗ ಹಾಕು" ಎಂದರೆ ರಾಗವೂ ಬರುತ್ತದೆ. ಹಾಡುವ ಕಂಠವೂ ಬರುತ್ತದೆ. ಆ ಕಂಠ ಯಾರದು ಎಂದು ಕೇಳಿದರೆ ಮಾತ್ರ ಸರಿಯಾದ ಉತ್ತರ ಬರುವುದಿಲ್ಲ.

ಇದನ್ನು ಕಂಡವರಲ್ಲಿ ಎರಡು ಪಂಗಡಗಳಿವೆ. "ಇನ್ನು ಕವಿಗೂ ಚಿತ್ರಗಾರನಿಗೂ ಕೆಲಸವಿಲ್ಲ, ಕಲೆಯ ಕಾಲ ಮುಗಿಯಿತು" ಎನ್ನುವುದು ಒಂದು ಪಂಗಡ. "ಇದೆಲ್ಲ ಗಿಳಿಪಾಠ, ಎರಡು ದಿನದ ಸಂಭ್ರಮ" ಎನ್ನುವುದು ಇನ್ನೊಂದು. ಎರಡು ಮಾತಿನಲ್ಲಿಯೂ ಸ್ವಲ್ಪ ನಿಜವಿದೆ, ಬಹಳಷ್ಟು ಆತುರವಿದೆ. ಯಂತ್ರಕ್ಕೂ ಕಲೆಗೂ ಜಗಳ ಬಂದದ್ದು ಇದೇ ಮೊದಲಲ್ಲ. ಹಿಂದಿನ ಜಗಳಗಳು ಹೇಗೆ ಮುಗಿದವು, ಈಗಿನದು ಯಾವ ವಿಷಯದಲ್ಲಿ ಬೇರೆ, ಇಷ್ಟನ್ನು ವಿಚಾರಿಸಿದರೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದು ತಿಳಿದೀತು.

ಮೊದಲು ಈ ಯಂತ್ರ ಮಾಡುವುದೇನು ಎಂಬುದನ್ನು ನೋಡೋಣ. "ಮಳೆ ಸುರಿಯಿತು, ಕೆರೆ..." ಎಂದು ನಾನು ಹೇಳಿ ನಿಲ್ಲಿಸಿದರೆ, "ತುಂಬಿತು" ಎಂದು ನಿಮ್ಮ ಮನಸ್ಸು ತಾನಾಗಿಯೇ ಮುಗಿಸುತ್ತದೆ. ಕೃತಕ ಬುದ್ಧಿಮತ್ತೆ ಎಂದು ಹೆಸರು ಪಡೆದಿರುವ ಈ ಯಂತ್ರವೂ ಮೂಲತಃ ಮಾಡುವುದು ಅದನ್ನೇ. ಮನುಷ್ಯರು ಬರೆದ ಕೋಟ್ಯಂತರ ಪುಟಗಳನ್ನು ಅದಕ್ಕೆ ಉಣಿಸಿರುತ್ತಾರೆ. ಯಾವ ಮಾತಿನ ಹಿಂದೆ ಯಾವ ಮಾತು ಬರುವ ಸಂಭವ ಎಷ್ಟು ಎಂಬ ಲೆಕ್ಕವನ್ನು ಅದು ಆ ಪುಟಗಳಿಂದ ಕಲಿತು, ಒಂದೊಂದು ತುಣುಕಾಗಿ ಮಾತನ್ನು ಪೋಣಿಸುತ್ತ ಹೋಗುತ್ತದೆ. ಚಿತ್ರದ ಪಾಠ ಇನ್ನೊಂದು ಬಗೆ. ರಂಗೋಲಿಯ ಮೇಲೆ ಮರಳು ಎರಚಿ ಮುಚ್ಚಿದಂತೆ, ಒಂದು ಚಿತ್ರದೊಳಕ್ಕೆ ಚುಕ್ಕೆಗಳನ್ನು ಬೆರೆಸಿ ಅದನ್ನು ಕೆಡಿಸುತ್ತಾರೆ. ಆ ಚುಕ್ಕೆಗಳನ್ನು ಹಂತಹಂತವಾಗಿ ತೆಗೆಯುವುದನ್ನು ಯಂತ್ರಕ್ಕೆ ಕಲಿಸುತ್ತಾರೆ. ಹೀಗೆ ಪಳಗಿದ ಮೇಲೆ ಬರಿಯ ಚುಕ್ಕೆಗಳ ರಾಶಿಯನ್ನು ಕೊಟ್ಟರೂ, ನೀವು ಹೇಳಿದ ವರ್ಣನೆಗೆ ಹೊಂದುವ ಚಿತ್ರವೊಂದನ್ನು ಅದು ಹೊರತೆಗೆಯುತ್ತದೆ. ಇಂಥ ಯಂತ್ರಗಳಿಗೆ ಪಾಠವಾಗಲೆಂದು 2022ರಲ್ಲಿ ಪ್ರಕಟವಾದ ಒಂದು ಸಂಗ್ರಹದಲ್ಲಿ ಸುಮಾರು 585 ಕೋಟಿ ಚಿತ್ರಗಳ ಪಟ್ಟಿಯಿತ್ತು, ಒಂದೊಂದಕ್ಕೂ ಒಂದು ವಿವರಣೆಯ ಮಾತು. ಅಂತರಜಾಲದಲ್ಲಿ ಹರಡಿಕೊಂಡಿದ್ದ ಆ ಚಿತ್ರಗಳನ್ನು, ಬರೆದವರನ್ನೂ ತೆಗೆದವರನ್ನೂ ಒಬ್ಬೊಬ್ಬರಾಗಿ ಕೇಳಿ ಪಡೆದದ್ದಲ್ಲ.

ನಮ್ಮ ಆಲಂಕಾರಿಕರು ಕಾವ್ಯಕ್ಕೆ ಮೂರು ಕಾರಣಗಳನ್ನು ಹೇಳಿದರು: ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ. ವ್ಯುತ್ಪತ್ತಿಯೆಂದರೆ ಲೋಕವನ್ನೂ ಶಾಸ್ತ್ರವನ್ನೂ ಹಿಂದಿನವರ ಕಾವ್ಯಗಳನ್ನೂ ಬಲ್ಲ ತಿಳಿವಳಿಕೆ. ಇದರಲ್ಲಿ ಪುಸ್ತಕದ ಭಾಗವನ್ನು ಮಾತ್ರ ತೆಗೆದುಕೊಂಡರೆ, ಈ ಯಂತ್ರವನ್ನು ಮೀರಿಸುವ ಪಂಡಿತ ಹುಟ್ಟಿಲ್ಲ. ಅಭ್ಯಾಸದಲ್ಲಿ ಅದಕ್ಕೆ ದಣಿವೆಂಬುದೇ ಇಲ್ಲ. ಉಳಿದದ್ದು ಲೋಕ; ಮತ್ತು ಹೊಸಹೊಸದಾಗಿ ಅರಳುವ ಬುದ್ಧಿಯಾದ ಪ್ರತಿಭೆ. ಮಳೆಯ ಮೇಲೆ ಹದಿನಾರು ಸಾಲು ಬರೆದ ಯಂತ್ರ ಒಂದು ದಿನವೂ ಮಳೆಯಲ್ಲಿ ನೆನೆದಿಲ್ಲ. ಮಳೆ ಬಾರದ ವರ್ಷ ಆಕಾಶ ನೋಡುತ್ತ ಕುಳಿತದ್ದೂ ಇಲ್ಲ.

ಈ ಸಂಶಯ ಹಳೆಯದೇ. ಇಂಗ್ಲೆಂಡಿನ ಏಡಾ ಲವ್‌ಲೇಸ್ ಎಂಬಾಕೆ, ಚಾರ್ಲ್ಸ್ ಬ್ಯಾಬೇಜನು ರೂಪಿಸಿದ್ದ ಗಣಕಯಂತ್ರವನ್ನು ಕುರಿತು 1843ರಲ್ಲಿ ಟಿಪ್ಪಣಿಗಳನ್ನು ಪ್ರಕಟಿಸಿದಳು. ಸ್ವರಗಳ ಸಂಬಂಧವನ್ನು ಲೆಕ್ಕಕ್ಕೆ ಇಳಿಸಿದರೆ ಇಂಥ ಯಂತ್ರ ಸಂಗೀತವನ್ನೂ ರಚಿಸೀತು ಎಂದು ಆಗಲೇ ಆಕೆ ಊಹಿಸಿದ್ದಳು. ತಾನಾಗಿ ಏನನ್ನೂ ಹುಟ್ಟಿಸುವ ಹಕ್ಕುದಾರಿಕೆ ಅದಕ್ಕಿಲ್ಲ ಎಂಬ ಮಾತನ್ನೂ ಸೇರಿಸಿದ್ದಳು. ಆಕೆಯ ಊಹೆ 1956-57ರಲ್ಲಿ ನಿಜವಾಯಿತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಗಣಕಯಂತ್ರದ ನೆರವಿನಿಂದ ನಾಲ್ಕು ತಂತಿವಾದ್ಯಗಳ ಒಂದು ಕೃತಿ ಸಿದ್ಧವಾಯಿತು. 1961ರಲ್ಲಿ ಬೆಲ್ ಪ್ರಯೋಗಶಾಲೆಯ ಯಂತ್ರವೊಂದು ಕೃತಕ ಕಂಠದಲ್ಲಿ ಹಾಡಿತು. ಇವು ಪ್ರಯೋಗಶಾಲೆಯ ಕುತೂಹಲಗಳಾಗಿ ನಿಂತವು. ಯಾರ ಅನ್ನವನ್ನೂ ಕಸಿಯಲಿಲ್ಲ. ಅನ್ನದ ಪ್ರಶ್ನೆ ಎದ್ದದ್ದು ಅದಕ್ಕಿಂತ ಬಹಳ ಮೊದಲೇ, ಇನ್ನೊಂದು ಯಂತ್ರದಿಂದ. ಅದು ಗ್ರಾಮಫೋನು.

ರೇಡಿಯೊ ಇಟ್ಟುಕೊಂಡಿರುವ ನಮಗೆಲ್ಲ ಗ್ರಾಮಫೋನು ಹಿರಿಯ ಅಣ್ಣನಿದ್ದಂತೆ. ಅದು ಬಂದಾಗ ಎದ್ದ ಗಲಾಟೆಯನ್ನು ಮಾತ್ರ ಮರೆತಿದ್ದೇವೆ. ಅಮೆರಿಕದ ಪ್ರಸಿದ್ಧ ವಾದ್ಯವೃಂದ ನಾಯಕ ಜಾನ್ ಫಿಲಿಪ್ ಸೂಸ 1906ರಲ್ಲಿ ಒಂದು ಲೇಖನ ಬರೆದು, ಯಂತ್ರಸಂಗೀತ ಬಂದರೆ ಮನೆಮನೆಯಲ್ಲಿ ಜನ ತಾವೇ ಹಾಡುವುದನ್ನು ಬಿಟ್ಟುಬಿಡುತ್ತಾರೆ, ಮಕ್ಕಳು ವಾದ್ಯ ಕಲಿಯುವುದಿಲ್ಲ ಎಂದು ಎಚ್ಚರಿಸಿದ. ಜತೆಗೆ ಇನ್ನೊಂದು ದೂರೂ ಇತ್ತು: ತಾನು ರಚಿಸಿದ ಸಂಗೀತವನ್ನು ಕಂಪೆನಿಗಳು ಯಂತ್ರಕ್ಕೆ ತುಂಬಿ ಮಾರುತ್ತಿವೆ, ತನಗೆ ಬಿಡಿಗಾಸೂ ಇಲ್ಲ. ಎರಡನೆಯ ದೂರಿಗೆ ಮದ್ದು ಸಿಕ್ಕಿತು. 1909ರ ಅಮೆರಿಕದ ಕಾಯಿದೆ, ಪ್ರತಿಯೊಂದು ಪ್ಲೇಟಿಗೂ ಎರಡು ಸೆಂಟಿನಂತೆ ರಚನಕಾರನಿಗೆ ಸಲ್ಲಬೇಕೆಂದು ಗೊತ್ತುಮಾಡಿತು.

ನಮ್ಮ ದೇಶದಲ್ಲಿ ಗ್ರಾಮಫೋನಿಗೆ ಮೊದಲು ಹಾಡಿದ ದೊಡ್ಡ ಕಲಾವಿದೆ ಗೌಹರ್ ಜಾನ್. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಆಕೆಯ ಕಂಠವನ್ನು ಮುದ್ರಿಸಿಕೊಂಡರು. ಗಂಟೆಗಟ್ಟಲೆ ಹಾಡಬಲ್ಲ ಆಕೆ ರಾಗವನ್ನು ಮೂರು ನಿಮಿಷದ ಪ್ಲೇಟಿಗೆ ಅಳವಡಿಸಿದಳು. ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದಳು. ಪ್ಲೇಟು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡೆಂಬುದು ತಿಳಿಯಬೇಕಲ್ಲ! ಕಾರ್ಖಾನೆಯ ಅನುಕೂಲಕ್ಕಾಗಿ ಮಾಡಿದ್ದ ಆ ಏರ್ಪಾಡಿನಿಂದ ಆಕೆಯ ಹೆಸರು ಮನೆಮಾತಾಯಿತು. ಯಂತ್ರ ಕಂಠವನ್ನು ಹೊತ್ತೊಯ್ದಾಗ ಹೆಸರನ್ನೂ ಜತೆಗೇ ಹೊತ್ತೊಯ್ದಿತು. ಇದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು.

ಹಾಗಾದರೆ ಯಾರಿಗೂ ನಷ್ಟವಾಗಲಿಲ್ಲವೇ? ಆಯಿತು. ಮೂಕಚಿತ್ರಗಳ ಕಾಲದಲ್ಲಿ ಪರದೆಯ ಮುಂದೆ ಹಾರ್ಮೋನಿಯಂ, ತಬಲ ಇಟ್ಟುಕೊಂಡು ನುಡಿಸುವವರಿದ್ದರು. 1931ರಲ್ಲಿ 'ಆಲಂ ಆರಾ', 1934ರಲ್ಲಿ ಕನ್ನಡದ 'ಸತಿ ಸುಲೋಚನ' ಬಂದವು. ಚಿತ್ರವೇ ಮಾತಾಡತೊಡಗಿದ ಮೇಲೆ ಆ ವಾದ್ಯಗಾರರ ಕೆಲಸ ಹೋಯಿತು. ಅಮೆರಿಕದಲ್ಲಿ ಸಂಗೀತಗಾರರ ಸಂಘ ಸುಮ್ಮನಿರಲಿಲ್ಲ. 1942ರ ಆಗಸ್ಟ್ 1ರಿಂದ ಪ್ಲೇಟಿಗೆ ನುಡಿಸುವುದನ್ನೇ ನಿಲ್ಲಿಸಿತು. ದೊಡ್ಡ ಕಂಪೆನಿಗಳು 1944ರ ಕೊನೆಯ ಹೊತ್ತಿಗೆ ಮಣಿದವು. ಪ್ಲೇಟುಗಳ ಮಾರಾಟದಲ್ಲಿ ಒಂದು ಪಾಲನ್ನು ನಿಧಿಗೆ ಹಾಕಬೇಕು, ಆ ನಿಧಿಯಿಂದ ಕೆಲಸವಿಲ್ಲದ ವಾದ್ಯಗಾರರಿಗೆ ಸಂಭಾವನೆ ಕೊಟ್ಟು ಸಾರ್ವಜನಿಕರಿಗೆ ಉಚಿತ ಕಚೇರಿಗಳನ್ನು ಏರ್ಪಡಿಸಬೇಕು ಎಂದು ಒಪ್ಪಂದವಾಯಿತು.

ಗ್ರಾಮಫೋನಿನ ಕಥೆಯಿಂದ ತಿಳಿಯುವುದಿಷ್ಟು. ಯಂತ್ರ ಬಂದದ್ದರಿಂದ ಸಂಗೀತ ಸಾಯಲಿಲ್ಲ. ಅದರ ಆಕಾರ ಬದಲಾಯಿತು, ಕೇಳುವವರು ಹೆಚ್ಚಿದರು. ಆದರೆ ಕೆಲವರ ಬದುಕು ನಿಜವಾಗಿಯೂ ಮುಳುಗಿತು. ಉಳಿದವರಿಗೆ ನ್ಯಾಯ ದೊರೆತದ್ದು ಯಂತ್ರದ ಕರುಣೆಯಿಂದಲ್ಲ. ಕಾಯಿದೆಯಿಂದ, ಸಂಘಟನೆಯಿಂದ, ವರ್ಷಗಟ್ಟಲೆ ಹಠ ಹಿಡಿದದ್ದರಿಂದ.

ಈಗ ನಮ್ಮ ಕಾಲಕ್ಕೆ ಬರೋಣ. ಗ್ರಾಮಫೋನು ಗಾಯಕಿ ಹಾಡಿದ್ದನ್ನು ಮತ್ತೆ ಹಾಡುತ್ತಿತ್ತು. ಹೊಸ ಯಂತ್ರ ಗಾಯಕಿ ಎಂದೂ ಹಾಡದೆ ಇದ್ದದ್ದನ್ನು ಆಕೆಯ ಕಂಠದಲ್ಲಿಯೇ ಹಾಡುತ್ತದೆ. ಭೇದವೆಲ್ಲ ಇಲ್ಲಿದೆ. 2024ರ ಜುಲೈನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಇಂಥದೇ ವ್ಯಾಜ್ಯ ಬಂತು. ಗಾಯಕ ಅರಿಜಿತ್ ಸಿಂಗರ ಕಂಠವನ್ನು ಅವರ ಒಪ್ಪಿಗೆಯಿಲ್ಲದೆ ಕೃತಕವಾಗಿ ತಯಾರಿಸುತ್ತಿದ್ದವರಿಗೆ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಕಂಠವೂ ವ್ಯಕ್ತಿತ್ವದ ಒಂದು ಅಂಗ, ಅದನ್ನು ಕೇಳದೆ ಬಳಸುವಂತಿಲ್ಲ ಎಂದಿತು. ಅದೇ ವರ್ಷ ಬಿಡುಗಡೆಯಾದ 'ಲಾಲ್ ಸಲಾಮ್' ಎಂಬ ತಮಿಳು ಚಿತ್ರದಲ್ಲಿ ಎ. ಆರ್. ರೆಹಮಾನರು ದಿವಂಗತರಾದ ಇಬ್ಬರು ಗಾಯಕರ, ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದರ, ಕಂಠಗಳನ್ನು ಯಂತ್ರದ ನೆರವಿನಿಂದ ಬಳಸಿದರು. ಆದರೆ ಕುಟುಂಬದವರ ಅನುಮತಿ ಪಡೆದು, ಸಂಭಾವನೆ ಕಳುಹಿಸಿ, ಅದನ್ನು ಬಹಿರಂಗವಾಗಿ ಹೇಳಿ ಬಳಸಿದರು. ಯಂತ್ರ ಎರಡು ಕಡೆಯೂ ಯಂತ್ರವೇ. ಒಂದು ಕಡೆ ಕೇಳಿದರು, ಒಂದು ಕಡೆ ಕೇಳಲಿಲ್ಲ, ಅಷ್ಟೇ. ಸತ್ತವರ ಕಂಠದಲ್ಲಿ ಹೊಸ ಹಾಡು ಹಾಡಿಸುವುದು ಉಚಿತವೇ ಎಂಬ ಪ್ರಶ್ನೆ ಬೇರೆ. ಅದನ್ನು ನಿಮ್ಮ ನಿಮ್ಮ ಅಭಿರುಚಿಗೆ ಬಿಡುತ್ತೇನೆ.

ಬರೆಯುವವರ ಪಾಡೂ ಇದೇ. 2023ರಲ್ಲಿ ಹಾಲಿವುಡ್ಡಿನ ಚಿತ್ರಕಥೆಗಾರರು 148 ದಿನ ಮುಷ್ಕರ ಹೂಡಿದರು. ಅವರ ಬೇಡಿಕೆಗಳಲ್ಲಿ ಯಂತ್ರದ ವಿಷಯವೂ ಒಂದು. ಯಂತ್ರ ಬರೆದದ್ದನ್ನು ಸಾಹಿತ್ಯವೆಂದು ಲೆಕ್ಕಹಾಕಬಾರದು, ಯಂತ್ರವನ್ನು ಬಳಸಲೇಬೇಕೆಂದು ಬರಹಗಾರನನ್ನು ಒತ್ತಾಯಿಸಬಾರದು, ಯಂತ್ರ ತಯಾರಿಸಿದ ಸಾಮಗ್ರಿಯನ್ನು ಕೈಗೆ ಕೊಟ್ಟರೆ ಅದನ್ನು ತಿಳಿಸಿಯೇ ಕೊಡಬೇಕು ಎಂಬ ಷರತ್ತುಗಳು ಒಪ್ಪಂದದಲ್ಲಿ ಸೇರಿದವು. ಬಳಸಬೇಡಿ ಎಂದು ಅವರು ಹೇಳಲಿಲ್ಲ. ಬಳಸುವ ಬಿಡುವ ತೀರ್ಮಾನ ನಮ್ಮದಾಗಿರಲಿ ಎಂದರು.

ಪುಸ್ತಕಗಳನ್ನು ಯಂತ್ರಕ್ಕೆ ಉಣಿಸುವ ವಿಷಯದಲ್ಲಿ ಕಾಯಿದೆ ಇನ್ನೂ ತಡಕಾಡುತ್ತಿದೆ. ಅಮೆರಿಕದ ಒಂದು ನ್ಯಾಯಾಲಯ 2025ರ ಜೂನಿನಲ್ಲಿ, ಹಣ ಕೊಟ್ಟು ಕೊಂಡ ಪುಸ್ತಕದಿಂದ ಯಂತ್ರಕ್ಕೆ ಪಾಠ ಹೇಳಿದರೆ ತಪ್ಪಿಲ್ಲ, ಕಳ್ಳ ಸಂಗ್ರಹಗಳಿಂದ ಇಳಿಸಿಕೊಂಡ ಪುಸ್ತಕಗಳ ಮಾತು ಬೇರೆ ಎಂದಿತು. ಆ ಮೊಕದ್ದಮೆಯಲ್ಲಿ ಪ್ರತಿವಾದಿಯಾಗಿದ್ದ ಆಂತ್ರೊಪಿಕ್ ಎಂಬ ಕಂಪೆನಿ ಕೊನೆಗೆ 150 ಕೋಟಿ ಡಾಲರ್ ಕೊಡಲು ಒಪ್ಪಿತು, ಪುಸ್ತಕವೊಂದಕ್ಕೆ ಸುಮಾರು 3,000 ಡಾಲರಿನಂತೆ. ನಮ್ಮ ಕೃತಿಸ್ವಾಮ್ಯ ಕಾಯಿದೆ 1957ರದು. ಗಣಕಯಂತ್ರದಿಂದ ಹುಟ್ಟಿದ ಕೃತಿಗೆ, ಅದನ್ನು ಹುಟ್ಟುವಂತೆ ಮಾಡಿದ ವ್ಯಕ್ತಿಯೇ ಕರ್ತೃ ಎಂದು 1994ರ ತಿದ್ದುಪಡಿ ಹೇಳುತ್ತದೆ. 2012ರ ತಿದ್ದುಪಡಿ ಚಿತ್ರಗೀತೆ ಬರೆದವರಿಗೂ ರಾಗ ಹಾಕಿದವರಿಗೂ, ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಬರುವ ಹಣದಲ್ಲಿ, ಬಿಟ್ಟುಕೊಡಲಾಗದ ಪಾಲು ಕೊಟ್ಟಿತು. ಇವೆರಡೂ ಒಳ್ಳೆಯ ಮಾತುಗಳೇ. ಆದರೆ ಸಾವಿರ ಕವಿಗಳನ್ನು ಓದಿದ ಯಂತ್ರ ಒಂದು ಪದ್ಯ ಕಟ್ಟಿದರೆ, ಆ ಸಾವಿರ ಜನಕ್ಕೆ ಸಲ್ಲಬೇಕಾದದ್ದೇನು? ಇದನ್ನು ಬರೆದವರು ಆ ಕಾಯಿದೆಗಳನ್ನು ಮಾಡಿದಾಗ ಎಣಿಸಿರಲಿಲ್ಲ.

ಹೆಸರಿನ ಪ್ರಶ್ನೆ ಇದಾಯಿತು. ಇದಕ್ಕಿಂತ ಆಳವಾದ ಇನ್ನೊಂದು ಚಿಂತೆಯಿದೆ. ಅದರ ಬಗ್ಗೆ ಯಾರೂ ಮುಷ್ಕರ ಹೂಡುವುದಿಲ್ಲ, ಏಕೆಂದರೆ ನಷ್ಟಪಡುವವರು ಇನ್ನೂ ಕಸುಬಿಗೆ ಬಂದೇ ಇಲ್ಲ. ಹಾಡುತ್ತಾ ಹಾಡುತ್ತಾ ರಾಗ ಎಂದು ಗಾದೆ. ದೊಡ್ಡ ಕಲಾವಿದರು ಮೊದಲ ದಿನವೇ ದೊಡ್ಡ ಕೆಲಸ ಮಾಡಿದವರಲ್ಲ. ಎಂ. ಎಫ್. ಹುಸೇನರು 1930ರ ದಶಕದಲ್ಲಿ ಮುಂಬಯಿಯಲ್ಲಿ ಸಿನಿಮಾ ಜಾಹೀರಾತಿನ ಭಾರಿ ಹಲಗೆಗಳನ್ನು ಬರೆದು ಹೊಟ್ಟೆ ಹೊರೆದುಕೊಂಡರು. ದೂರದಿಂದ ಎದ್ದು ಕಾಣುವ ದಪ್ಪ ಗೆರೆ ಬರೆಯುವ ಕೈ ಅಲ್ಲಿ ಪಳಗಿತು, ಕೂಲಿಯೂ ಬಂತು. ಲೇಖಕನಾಗುವವನು ಮೊದಲು ಕರಪತ್ರ ಬರೆಯುತ್ತಾನೆ, ಭಾಷಾಂತರ ಮಾಡುತ್ತಾನೆ, ಪತ್ರಿಕೆಯಲ್ಲಿ ಕರಡು ತಿದ್ದುತ್ತಾನೆ. ಸಂಗೀತಗಾರನಾಗುವವನು ಸೋಪಿನ ಜಾಹೀರಾತಿಗೆ ನಾಲ್ಕು ಸಾಲು ರಾಗ ಹಾಕುತ್ತಾನೆ. ಈ ಯಂತ್ರ ಮೊದಲು ನುಂಗುವುದು ಇಂಥ ಸಣ್ಣ ಕೆಲಸಗಳನ್ನೇ. ಅಂಗಡಿಯ ಬೋರ್ಡು ಬರೆಯುತ್ತಿದ್ದ ಪೇಂಟರು ಫ್ಲೆಕ್ಸ್ ಬಂದ ಮೇಲೆ ಏನಾದನೆಂಬುದನ್ನು ನಿಮ್ಮ ಊರಿನ ಪೇಟೆಬೀದಿಯಲ್ಲಿಯೇ ನೀವು ನೋಡಿದ್ದೀರಿ. ಮೇಲಿನ ಮೆಟ್ಟಿಲಿನಲ್ಲಿ ನಿಂತವರಿಗೆ ತೊಂದರೆಯಾಗದೆ ಇರಬಹುದು. ಆದರೆ ಕೆಳಗಿನ ಮೂರು ಮೆಟ್ಟಿಲುಗಳನ್ನು ಕಿತ್ತುಹಾಕಿದರೆ ಇನ್ನು ಇಪ್ಪತ್ತು ವರ್ಷಕ್ಕೆ ಮೇಲಿನ ಮೆಟ್ಟಿಲಿನಲ್ಲಿ ಯಾರಿರುತ್ತಾರೆ?

ಮತ್ತೊಂದು ಅಪಾಯ ಏಕರೂಪತೆಯದು. ಬ್ರಿಟನ್ನಿನ ಇಬ್ಬರು ಸಂಶೋಧಕರು, ದೋಶಿ ಮತ್ತು ಹೌಸರ್ ಎಂಬವರು, 2024ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸುಮಾರು 300 ಜನರಿಂದ ಪುಟ್ಟ ಕಥೆಗಳನ್ನು ಬರೆಸಿದರು. ಕೆಲವರಿಗೆ ಯಂತ್ರದಿಂದ ಸಲಹೆ ಪಡೆಯುವ ಅವಕಾಶ, ಕೆಲವರಿಗೆ ಇಲ್ಲ. ಯಂತ್ರದ ಸಲಹೆ ಪಡೆದವರ ಕಥೆಗಳು ಓದುಗರಿಗೆ ಹೆಚ್ಚು ಚೆನ್ನಾಗಿ ಕಂಡವು. ಅದರಲ್ಲಿಯೂ ಕಲ್ಪನೆಯಲ್ಲಿ ಹಿಂದುಳಿದವರಿಗೆ ಹೆಚ್ಚಿನ ಲಾಭವಾಯಿತು. ಆದರೆ ಅವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಒಂದರಂತೆ ಒಂದು ಇದ್ದವು. ಒಬ್ಬೊಬ್ಬನಿಗೂ ಲಾಭ, ಊರಿಗೆ ನಷ್ಟ! ಎಲ್ಲರೂ ಒಂದೇ ಬಾವಿಯಲ್ಲಿ ಸೇದಿದರೆ ನೀರಿನ ರುಚಿ ಒಂದೇ ಆಗುವುದು ಸಹಜ. ಹಾಡಿದ್ದೇ ಹಾಡುವ ಕಿಸುಬಾಯಿ ದಾಸನನ್ನು ಕಂಡು ನಗುತ್ತಿದ್ದ ನಾವು, ಊರಿಗೂರೇ ಆ ದಾಸನಾಗದಂತೆ ನೋಡಿಕೊಳ್ಳಬೇಕು.

ಕನ್ನಡಿಗರಿಗೆ ಇದು ಇನ್ನೂ ಹತ್ತಿರದ ಮಾತು. ಈ ಯಂತ್ರಗಳು ಓದಿರುವ ಇಂಗ್ಲಿಷಿನ ರಾಶಿಯ ಮುಂದೆ ಕನ್ನಡದ ಪಾಲು ಬಹಳ ಚಿಕ್ಕದು. ಆದುದರಿಂದ ಅವು ಬರೆದ ಕನ್ನಡಕ್ಕೆ ಎಷ್ಟೋ ಸಲ ಭಾಷಾಂತರದ ವಾಸನೆ ಹತ್ತಿರುತ್ತದೆ. ಧಾರವಾಡದ ಮಾತಿನ ಏರಿಳಿತ, ಕಲಬುರಗಿಯ ಮಾತಿನ ಬಿರುಸು, ಕುಂದಾಪುರದ ಮಾತಿನ ಚುರುಕು ಎಲ್ಲವೂ ಸವೆದು, ಯಾವ ಊರಿನದೂ ಅಲ್ಲದ ಒಂದು ನುಣುಪು ಕನ್ನಡ ಉಳಿಯುತ್ತದೆ. ನಮ್ಮ ಮಕ್ಕಳು ಅದನ್ನೇ ಓದಿ, ಅದನ್ನೇ ಬರೆದು, ಆ ಬರಹವನ್ನೇ ಮುಂದಿನ ಯಂತ್ರಕ್ಕೆ ಉಣಿಸಿದರೆ ಏನಾದೀತೆಂಬುದನ್ನು ನೀವೇ ಊಹಿಸಿ.

ಇಷ್ಟೆಲ್ಲ ಹೇಳಿದ ಮೇಲೆ, ಆಶೆಗೆ ಎಡೆಯೇ ಇಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. 1839ರಲ್ಲಿ ಛಾಯಾಚಿತ್ರ ಬಂದಾಗ, ಮುಖಚಿತ್ರ ಬರೆದು ಬದುಕುತ್ತಿದ್ದ ಎಷ್ಟೋ ಚಿತ್ರಗಾರರು ಕೆಲಸ ಕಳೆದುಕೊಂಡರು. ಆದರೆ ಕಂಡದ್ದನ್ನು ಕಂಡಂತೆ ಬರೆಯುವ ಹೊರೆ ಕ್ಯಾಮರಾದ ಪಾಲಿಗೆ ಹೋದ ಮೇಲೆ, ಬೆಳಕು ಕಣ್ಣಿಗೆ ತಾಗುವ ಬಗೆಯನ್ನೇ ಬರೆಯುವ ಹೊಸ ಪಂಥ ಫ್ರಾನ್ಸಿನಲ್ಲಿ ಬೆಳೆಯಿತು. ಆ ಪಂಥದವರ ಮೊದಲ ಪ್ರದರ್ಶನ ನಡೆದದ್ದು 1874ರಲ್ಲಿ, ನಾದಾರ್ ಎಂಬ ಛಾಯಾಚಿತ್ರಗಾರನ ಹಳೆಯ ಸ್ಟುಡಿಯೋದಲ್ಲಿ! ನಮ್ಮ ಕಾಲದ್ದೇ ಒಂದು ಉದಾಹರಣೆ ಗೋ ಎಂಬ ಆಟದ್ದು. 2016ರಲ್ಲಿ ಕೊರಿಯದ ಮಹಾ ಆಟಗಾರ ಲೀ ಸೆಡೋಲ್ ಯಂತ್ರದೆದುರು ಐದರಲ್ಲಿ ನಾಲ್ಕು ಆಟ ಸೋತ. 2019ರಲ್ಲಿ ಆಟದಿಂದಲೇ ನಿವೃತ್ತನಾದ. ಅದು ಕಥೆಯ ದುಃಖದ ಭಾಗ. ಅನಂತರ ಸಂಶೋಧಕರು 1950ರಿಂದ 2021ರ ವರೆಗಿನ 58 ಲಕ್ಷ ನಡೆಗಳನ್ನು ಪರೀಕ್ಷಿಸಿದಾಗ, ಯಂತ್ರ ಬಂದ ಮೇಲೆ ಮನುಷ್ಯರ ಆಟ ಸುಧಾರಿಸಿದ್ದೂ, ಹಿಂದೆ ಯಾರೂ ಆಡದ ಹೊಸ ನಡೆಗಳು ಹೆಚ್ಚಿದ್ದೂ ಕಂಡುಬಂತು. 2023ರಲ್ಲಿ ಬೀಟಲ್ಸ್ ತಂಡದ ಹಾಡೊಂದು ಹೊರಬಂತು. ದಿವಂಗತ ಜಾನ್ ಲೆನನ್ ಹಳೆಯ ಕ್ಯಾಸೆಟ್ಟಿಗೆ ತಾನೇ ಹಾಡಿದ್ದ ಹಾಡು ಅದು. ಪಿಯಾನೋದ ಗದ್ದಲದಲ್ಲಿ ಹೂತಿದ್ದ ಅವನ ಕಂಠವನ್ನು ಯಂತ್ರ ಬಿಡಿಸಿಕೊಟ್ಟಿತು. ಸುಳ್ಳು ಕಂಠ ಹುಟ್ಟಿಸುವುದಕ್ಕೂ, ನಿಜವಾದ ಕಂಠದ ಧೂಳು ಒರೆಸುವುದಕ್ಕೂ ಎಷ್ಟು ಅಂತರ! ನಮ್ಮ ಬಾನುಲಿ ಕೇಂದ್ರಗಳ ಹಳೆಯ ಧ್ವನಿಸುರುಳಿಗಳಿಗೂ ಇಂಥ ಸೇವೆ ಸಲ್ಲಬಹುದು.

ಇದರಲ್ಲಿ ಮನೆಯಲ್ಲಿ ಕುಳಿತು ಕೇಳುವ ನಾವು ಮಾಡಬಹುದಾದದ್ದೇನು? ಕಾಯಿದೆ ಮಾಡುವವರು ಮಾಡಲಿ. ರುಚಿಯ ಕಾಯಿದೆ ನಮ್ಮ ಕೈಯಲ್ಲಿದೆ. ಒಂದು ಹಾಡು ಇಷ್ಟವಾದರೆ ಅದನ್ನು ಹಾಡಿದವರಾರು, ಬರೆದವರಾರು, ರಾಗ ಹಾಕಿದವರಾರು ಎಂದು ವಿಚಾರಿಸಿ. ಹೆಸರು ಹೇಳದೆ ಬಂದ ಹಾಡನ್ನು ಸ್ವಲ್ಪ ಅನುಮಾನದಿಂದಲೇ ಕೇಳಿ. ಮನೆಯ ಮದುವೆಗೆ ಕರೆಯೋಲೆ ಬೇಕಾದರೆ, ಬೀದಿಯ ಗಣೇಶೋತ್ಸವಕ್ಕೆ ಪರದೆ ಬೇಕಾದರೆ, ಊರಿನ ಹುಡುಗನೊಬ್ಬನಿಂದ ಬರೆಸಿ ನಾಲ್ಕು ಕಾಸು ಕೊಡಿ. ಗೆರೆ ಸ್ವಲ್ಪ ಡೊಂಕಾದರೆ ಆಗಲಿ. ಮಗಳು ಶಾಲೆಯ ಪ್ರಬಂಧವನ್ನು ಯಂತ್ರದಿಂದ ಬರೆಸುವ ಮೊದಲು ತಾನೇ ಹತ್ತು ಸಾಲು ಬರೆಯಲಿ. ಬರೆದ ಮೇಲೆ ಯಂತ್ರಕ್ಕೆ ತೋರಿಸಿ ತಪ್ಪು ಕೇಳಿದರೆ ಅದರಲ್ಲಿ ದೋಷವೇನೂ ಇಲ್ಲ; ಒಳ್ಳೆಯ ನಿಘಂಟನ್ನು ನೋಡಿದಂತೆ ಅದು. ಆ ಹತ್ತು ಸಾಲು ಎಷ್ಟೇ ಒರಟಾಗಿರಲಿ, ಕೆಳಗೆ ಅವಳು ತನ್ನ ಹೆಸರು ಬರೆಯಲಿ.